ಬನ್ನೂರು ಗೆದ್ದುಕೊಟ್ಟ ಒಗಟು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಊರುಗಳನ್ನೇ ಕೊಟ್ಟು ತೆಗೆದುಕೊಳ್ಳುವ ವ್ಯವಹಾರವಿತ್ತು. ಒಗಟು ಬಿಡಿಸಲಾಗದವರು ಕೇಳಿದವರಿಗೆ ಒಂದು ಊರು ಕೊಡಬೇಕು. ಬರೀ ಬಾಯಿಮಾತಲ್ಲಿ, ಅಷ್ಟೇ. ಆದರೆ ಕೇಳಿದವರು ಒಪ್ಪುವವರೆಗೂ ಊರು ಹೇಳುತ್ತಲೇ ಇರಬೇಕು.

ಅವತ್ತು ಬನ್ನೂರು ಸಂತೆ. ಅಪ್ಪ ಜಗಲಿಯಲ್ಲಿ ಕೂತು ಬದನೆಕಾಯಿ ಆರಿಸುತ್ತಿದ್ದರು. ಇಬ್ಬನಿ ಆರದ ಕಾಯಿಗಳು ಒಂದಕ್ಕೊಂದು ಉಜ್ಜಿದರೆ ಕಿರ್ ಎನ್ನುತ್ತಿದ್ದವು. ಸೈಕಲ್ಲಿನ ಹಿಂದೆ ಕುಕ್ಕೆ. ಮುಂದಿನ ಕಂಬಿಯ ಮೇಲೆ ಒಬ್ಬರಿಗಷ್ಟೇ ಜಾಗ. ನಾನೂ ಹೊರಟಿದ್ದೆ, ಅಕ್ಕನೂ ಹೊರಟಿದ್ದಳು. ಕಾಯಿ ಆರಿಸಿ ಮುಗಿಯುವ ಹೊತ್ತಿಗೆ ಬನ್ನೂರು ಯಾರ ಕೈಲಿರುತ್ತದೋ ಅವರು ಬರಲಿ ಎಂದರು ಅಪ್ಪ.

ಅವ್ವನ ಒಗಟೆಲ್ಲ ಅಕ್ಕನಿಗೆ ಬಾಯಿಪಾಠ. ನೋಡನೋಡುತ್ತಲೇ ನನ್ನಿಂದ ಹುಲ್ಲಹಳ್ಳಿ, ನಂಜನಗೂಡು, ಕೊನೆಗೆ ಬನ್ನೂರನ್ನೂ ಕಿತ್ತುಕೊಂಡಳು. ಹಳೇ ಸರಕು ನಡೆಯದು ಎಂದು ನಾನೇ ಒಂದು ಒಗಟು ಕಟ್ಟಿದೆ: ಕರ್ರಗಿದೆ, ಸಣ್ಣಗಿದೆ, ಏನದು? ಅಕ್ಕ ಹತ್ತು ಉತ್ತರ ಹೇಳಿ ಸೋತಳು. ನಿನ್ನೆ ನನ್ನನ್ನು ಕಚ್ಚಿದ ಇರುವೆ ಎಂದೆ. ಇದು ಮೋಸ, ಒಂದು ಊರೂ ಕೊಡಲ್ಲ ಎಂದು ಅವಳು ಜಗಳಕ್ಕೆ ನಿಂತಳು. ಅಪ್ಪನೂ ಅವಳ ಕಡೆಗೇ.

"ಬಾಗಿಲೇ ಇಡದೆ ಮನೆ ಕಟ್ಟಿ ಒಳಕ್ಕೆ ಬನ್ನಿ ಅಂದ್ರೆ ಎಂಗ್ಲಾ ಬತ್ತಾರೆ? ಸೋತವ್ರಿಗೆ, ಅಯ್ಯೋ, ಕಣ್ಮುಂದೇನೇ ಇತ್ತಲ್ಲ ಅನ್ನಿಸ್ಬೇಕು."

ಕುಕ್ಕೆ ಮುಕ್ಕಾಲು ತುಂಬಿತ್ತು. ನಾನು ಕಣ್ಣಮುಂದೆ ಏನಿದೆ ಎಂದು ಹುಡುಕಿದೆ. ಜಗಲಿಯ ಕಂಬಕ್ಕೆ ಅಪ್ಪನ ತಕ್ಕಡಿ ನೇತಾಡುತ್ತಿತ್ತು. ಅದರ ಹೆಸರು ಬಿಟ್ಟು, ಅದು ಮಾಡುವ ಕೆಲಸವನ್ನಷ್ಟೇ ಹೇಳಿದೆ.

"ಎರಡು ತಟ್ಟೆ ತುಂಬಾ ಬಡಿಸಿದ್ರೂ ಒಂದು ತುತ್ತು ಉಣ್ಣಲ್ಲ, ಇಬ್ಬರ ಜಗಳ ಮಾತ್ರ ಬಿಡಿಸ್ತದೆ."

ಅಕ್ಕ ಯೋಚಿಸಿ ಯೋಚಿಸಿ, ದೇವರು ಎಂದಳು. ನಾನು ಕಂಬದ ಕಡೆ ಕೈ ತೋರಿಸಿದೆ. ಅವಳು ತಲೆ ಚಚ್ಚಿಕೊಂಡು ನಕ್ಕಳು. ನಕ್ಕರೂ ಚೌಕಾಸಿ ಬಿಡಲಿಲ್ಲ. ಮೊದಲು ಹುಲ್ಲಹಳ್ಳಿ ಕೊಟ್ಟಳು. ಬೇಡ ಎಂದೆ. ನಂಜನಗೂಡು? ಅದೂ ಬೇಡ. ಅಪ್ಪ ಕೊನೆಯ ಕಾಯಿ ಕೈಗೆತ್ತಿಕೊಂಡರು.

"ತಗೊಳೋ, ಬನ್ನೂರು ನಿಂದೇ," ಎಂದಳು ಅಕ್ಕ.

ಮಕ್ಕಳೇ, ಮುಂದೆ ನಾನೂ ವ್ಯಾಪಾರಕ್ಕಿಳಿದೆ. ಎದುರಿನವನಿಗೂ ಒಂದು ಬಾಗಿಲು ಬಿಡುವುದನ್ನು ಮಾತ್ರ ಮರೆಯಲಿಲ್ಲ. ನೀವೂ ಮರೆಯಬೇಡಿ.

ಈಗ ನಾನು ಯಾವ ಹಳೇ ಒಗಟು ಕೇಳಿದರೂ ಮೊಮ್ಮಕ್ಕಳು ಫೋನು ನೋಡಿ ತಕ್ಷಣ ಉತ್ತರ ಹೇಳುತ್ತಾರೆ. ಒಗಟಿನ ಕಾಲ ಮುಗಿಯಿತು ಎಂದುಕೊಂಡಿದ್ದೆ. ಮೊನ್ನೆ ಚಿಕ್ಕ ಮೊಮ್ಮಗಳು ತಾನೇ ಕಟ್ಟಿದ್ದೊಂದು ಕೇಳಿದಳು: "ಗೋಡೆಗೆ ಅಂಟ್ಕೊಂಡು ಉಣ್ತದೆ, ಊರವರ ಮಾತೆಲ್ಲ ಹೊಟ್ಟೇಲಿ ಇಟ್ಕೊಂಡಿದೆ. ಏನ್ ತಾತ ಅದು?"

ಮನೆಯೆಲ್ಲ ಹುಡುಕಿ ಸೋತೆ. ಚಾರ್ಜಿಗೆ ಹಾಕಲೆಂದು ತಂದಿದ್ದ ಫೋನು ನನ್ನ ಕೈಯಲ್ಲೇ ಇತ್ತು. ಹುಲ್ಲಹಳ್ಳಿ ಕೊಟ್ಟೆ, ಬೇಡವಂತೆ. ಸೋಮನಾಥಪುರವೂ ಬೇಡವಂತೆ. ಕೊನೆಗೆ ಬನ್ನೂರೇ ಬಿಟ್ಟುಕೊಟ್ಟೆ. ಈ ಭಾನುವಾರ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೂ ಅವಳದೇ.