ಮಿರ್ಚಿ ಬರುವ ತನಕ

ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದಾಗ ಬರುವ ವಾಸನೆಗೆ ನನಗೆ ತಲೆನೋವು. ನಿಮಗಿಲ್ಲವೆಂದರೆ ನೀವು ಪುಣ್ಯವಂತರು. ನಾಯಕತ್ವದ ತರಬೇತಿಗೆ ನಿಮ್ಮನ್ನು ಇನ್ನೂ ಯಾರೂ ಕೂಡಿಸಿಲ್ಲ. ನಿನ್ನೆ ಕೊಪ್ಪಳದ ಹೋಟೆಲೊಂದರಲ್ಲಿ ತರಬೇತುದಾರರು ಬಿಳಿ ಹಲಗೆಯ ಮೇಲೆ ‘ನಿಮ್ಮ ಗುರಿ ಏನು?’ ಎಂದು ಬರೆದರು. ವಾಸನೆ ಮೂಗಿಗೆ ಬಡಿಯಿತು, ಗಿರಿಜಾ ನೆನಪಾದರು.

ಕೆಲವು ವರ್ಷಗಳ ಹಿಂದೆ, ಗಿಣಿಗೇರಾ ಹತ್ತಿರದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ನಾವಿಬ್ಬರೂ ಕೆಮಿಸ್ಟರು. ಅವರ ಊರು ಯಲಬುರ್ಗಾ ಕಡೆ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು, ಇಲ್ಲವೇ ನೌಕರಿ ಬಿಡಬೇಕು ಎಂಬುದು ಅತ್ತೆಯ ಷರತ್ತು. ಊರಿಗೆ ಐದೂವರೆಯದೇ ಕೊನೆಯ ಬಸ್ಸು.

ಆಗ ನಮ್ಮ ಸಾಹೇಬರು ಎಲ್ಲಿಂದಲೋ, ಜ್ವರ ಹತ್ತಿಸಿಕೊಂಡು ಬರುವಂತೆ, ನಾಯಕತ್ವ ಕಲಿತು ಬಂದರು. ಗೋಡೆಗೆ ಕಾಗದದ ಮರ ಅಂಟಿಸಿ, ಎಲೆಗಳ ಮೇಲೆ ಮಾರ್ಕರಿನಲ್ಲಿ ಅವರವರ ಗುರಿ ಬರೆಯಲು ಹೇಳಿದರು. ನಾನು ‘ಶ್ರೇಷ್ಠತೆ’ ಎಂದು ಬರೆದೆ. ಯಾವುದರಲ್ಲಿ ಎಂದು ಅವರೂ ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಗಿರಿಜಾ ಬರೆದದ್ದು ‘ಐದೂವರೆ ಬಸ್ಸು ಹಿಡಿಯುವುದು’.

“ಬಸ್ ಹಿಡಿಯೋದು ಗುರಿ ಏನ್ರಿ ಮೇಡಂ? ದೊಡ್ಡದು ಬರೀರಿ,” ಎಂದರು ಸಾಹೇಬರು.

“ಬಸ್ಸು ದೊಡ್ಡದ ಐತ್ರಿ ಸರ.”

ಇದನ್ನು ಗಿರಿಜಾ ಎಲ್ಲರಿಗೂ ಕೇಳುವಂತೆ ಅಂದರೋ, ಪಕ್ಕದಲ್ಲಿದ್ದ ನನಗಷ್ಟೇ ಅಂದರೋ. ನನ್ನ ನೆನಪಿಗೆ ಮಾತುಗಳನ್ನು ತಿದ್ದಿಟ್ಟುಕೊಳ್ಳುವ ಚಟವಿದೆ, ಪೂರ್ತಿ ನಂಬಬೇಡಿ. ಬಸ್ಸು ತಪ್ಪಿದ್ದು ಮಾತ್ರ ನಿಜ.

ತಪ್ಪಿಸಿದ್ದು ಸಾಹೇಬರು ಮೇಲಿಂದ ಮೇಲೆ ಕರೆಯುತ್ತಿದ್ದ ಸಭೆಯ ಭಾಷಣವಲ್ಲ, ಅದು ಐದಕ್ಕೇ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಸಭೆ ಎಂದರೆ ಕೊನೆಗೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಬಜ್ಜಿ. ಕರೆದವರ ಮಿರ್ಚಿ ತಿನ್ನದೆ ಎದ್ದುಹೋದರೆ ಅವರ ಮುಖಕ್ಕೆ ಹೊಡೆದಂತೆ. ಆ ಮಿರ್ಚಿ ಕೊಪ್ಪಳದ ಪಕ್ಕದ ಭಾಗ್ಯನಗರದಿಂದ ಬರಬೇಕು, ಬರುವುದು ಯಾವಾಗಲೂ ತಡ.

“ಹೊಂಟ್ರೇನ್ರಿ? ಎಣ್ಣಿ ಕಾದೈತಂತ, ಕುಂದರ್ರಿ,” ಎನ್ನುತ್ತಿದ್ದರು ಸಾಹೇಬರು.

“ಒಂದ ತಿಂದು ಹೋಗ್ರಿ ಅಕ್ಕಾರ,” ಎಂದು ನಾವೂ ದನಿಗೂಡಿಸುತ್ತಿದ್ದೆವು. ಗಿರಿಜಾ ಕುಳಿತುಕೊಳ್ಳುತ್ತಿದ್ದರು. ಬಸ್ಸು ಹೋದ ಮೇಲೆ ಮಿರ್ಚಿ ಬರುತ್ತಿತ್ತು. ಕತ್ತಲಾಗುವಾಗ ಗಂಡ ಬೈಕಿನಲ್ಲಿ ಬಂದು ಗೇಟಿನ ಹೊರಗೆ ನಿಲ್ಲುತ್ತಿದ್ದ.

ಮಳೆಗಾಲ ಮುಗಿಯುವಷ್ಟರಲ್ಲಿ ಅವರು ಕೆಲಸ ಬಿಟ್ಟರು. ಸಾಹೇಬರಿಗೆ ನಿಜಕ್ಕೂ ಬೇಸರವಾಯಿತು. “ಭಾಳ ಛಲೋ ಹೆಣ್ಮಗಳು. ಗುರಿನ ಇರಲಿಲ್ಲ ನೋಡ್ರಿ,” ಎಂದರು. ಒಳ್ಳೆಯವರು ಯಾಕೆ ಬಿಟ್ಟು ಹೋಗುತ್ತಾರೆಂದು ಚರ್ಚಿಸಲು ಅಂದೇ ಸಂಜೆ ಸಭೆ ಕರೆದರು. ಮಿರ್ಚಿ ಅವತ್ತೂ ತಡವಾಯಿತು.

ಈಗ ಆ ಪ್ರಯೋಗಾಲಯಕ್ಕೆ ನಾನೇ ಮುಖ್ಯಸ್ಥ. ನಿನ್ನೆ ಆ ತರಬೇತಿಯಲ್ಲಿ ಐದಾಗುತ್ತಲೇ ನಮ್ಮವರಿಗೆ, “ಇನ್ನ ಹೋಗ್ರಿ, ತಿಂಡಿಗೆ ಕಾಯಬ್ಯಾಡ್ರಿ,” ಎಂದೆ. ಯಾರೂ ಏಳಲಿಲ್ಲ. ನಾನು ಪರೀಕ್ಷೆ ಮಾಡುತ್ತಿದ್ದೇನೆಂಬ ಅನುಮಾನ ಅವರಿಗೆ; ಮೇಲಿನವರ ಅಪ್ಪಣೆಯನ್ನು ಅಷ್ಟು ಸುಲಭಕ್ಕೆ ನಂಬುವವರಲ್ಲ ನಾವು. “ಸರ್, ಮುಖ್ಯವಾದ ಭಾಗ ಈಗ ಬರುತ್ತೆ,” ಎಂದರು ತರಬೇತುದಾರರು. ಅವರಿಗೊಂದು ನಮಸ್ಕಾರ ಹೇಳಿ, ಬ್ಯಾಗು ಹೆಗಲಿಗೇರಿಸಿ ನಾನೇ ಮೊದಲು ಹೊರಬಿದ್ದೆ. ಮೆಟ್ಟಿಲಿಳಿಯುವಾಗ ಹಿಂದೆ ಕುರ್ಚಿಗಳು ಸರಿದ ಸದ್ದು ಕೇಳಿಸಿತು.