ಶಾಲೆಯ ಚೀಲ ಇಟ್ಟುಕೊಳ್ಳದ ಬೊಮ್ಮಕ್ಕ

ಬೆಳಗಿನ ಐದೂ ಕಾಲು. ಅಂಕೋಲಾ ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಎದುರು ಬೊಮ್ಮು ಗೌಡ, ಎಲ್ಲರ ಬೊಮ್ಮಕ್ಕ, ಫಿನಾಯಿಲ್ ನೀರು ಚೆಲ್ಲಿ ಪೊರಕೆ ಹಿಡಿದಿದ್ದಾರೆ. ಬೈತಖೋಲ ಬಂದರಿನ ಮೀನು ಹರಾಜಿಗೆ ಹೊರಟ ಹೆಂಗಸರು ಗಂಟು, ಛತ್ರಿ, ಊಟದ ಡಬ್ಬಿ ಅವರಿಗೆ ಒಪ್ಪಿಸಿ ಕಾರವಾರದ ಬಸ್ಸಿಗೆ ಓಡುತ್ತಾರೆ. ಗೋಡೆಯಲ್ಲಿ ಐದು ಮೊಳೆ. ನಾಲ್ಕು ತುಂಬುತ್ತವೆ. ಐದನೆಯದಕ್ಕೆ ಒಬ್ಬಳು ಕೈ ಚಾಚಿದ್ದೇ ತಡ, ಬೊಮ್ಮಕ್ಕ ಗದರುತ್ತಾರೆ.

"ಅದ್ಕೆ ಹಾಕೂದ್ ಬ್ಯಾಡ. ಕೆಳಗೆ ಇಡೇ."

ಹದಿಮೂರು ವರ್ಷದಿಂದ ಇಲ್ಲಿ ಕೆಲಸ. ದಿನಕ್ಕೆ ಆರು ಸಲ ತೊಳೆಯುವುದು, ಹತ್ತಿರ ಹತ್ತಿರ ಮುನ್ನೂರು ಹೆಂಗಸರು ಬಂದು ಹೋಗುವುದು. ಅವರಲ್ಲಿ ಮುಖ ನೋಡಿ ಮಾತಾಡಿಸುವವರು ಬೆರಳೆಣಿಕೆಯಷ್ಟು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬರೇ. "ಮನೀಗೆ ಹೋದ್ರೆ ಕೋಳಿ ಜೊತೀಗೇ ಮಾತಾಡೂದು ತಂಗಿ," ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ.

ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸಮವಸ್ತ್ರದಲ್ಲಿ ಬಂದು, ಒಳಗೆ ಬಟ್ಟೆ ಬದಲಿಸಿ, ಶಾಲೆಯ ಚೀಲವನ್ನು ಬೊಮ್ಮಕ್ಕನಿಗೆ ಕೊಟ್ಟಳು. ಸಂಜೆ ನಾಲ್ಕರ ಬಸ್ಸಿಗೆ ಬರುತ್ತೇನೆ ಅಂದಳು. ಬೊಮ್ಮಕ್ಕ ಎಲ್ಲರ ಗಂಟಿನಂತೆ ಅದನ್ನೂ ಐದನೇ ಮೊಳೆಗೆ ಹಾಕಿದರು.

"ಬಾಗಿಲ ಚಿಲಕ ಸರೀ ಇರ್ಲಿಲ್ಲಾ. ಅವ್ಳು ಬಟ್ಟೆ ಬದಲ್ಸೂತನಕ ನಾನೇ ಬಾಗ್ಲು ಹಿಡ್ಕಂಡು ನಿಂತಿದ್ದೆ. ಚಂದ ಕಾಣ್ತೆ ಮಗಾ, ಅಂತ್ಲೂ ಅಂದೆ."

ನಾಲ್ಕರ ಬಸ್ಸು ಬಂತು, ಹುಡುಗಿ ಬರಲಿಲ್ಲ. ಪೊಲೀಸರು ಅವಳನ್ನು ಹುಡುಕಿ ತಂದದ್ದು ಮೂರನೇ ದಿನ. ಮೊಬೈಲ್ ಆಟದ ಚಾಟಿನಲ್ಲಿ ಹದಿನೇಳರ ಹುಡುಗನೆಂದು ಹೇಳಿಕೊಂಡು ಆರು ತಿಂಗಳು ಮಾತಾಡಿ, ಅವಳನ್ನು ಕರೆಸಿಕೊಂಡವನಿಗೆ ನಲವತ್ತು ದಾಟಿತ್ತು. ಹುಡುಗಿಯ ತಾಯಿ ನಿಲ್ದಾಣಕ್ಕೇ ಬಂದು, "ನೀನು ಚೀಲ ಇಟ್ಕಳದೇ ಹೋಗಿದ್ರೆ ನನ್ನ ಮಗ್ಳು ಹೋಗೂಕೇ ಆಗ್ತಿರ್ಲಿಲ್ಲಾ," ಎಂದು ಅತ್ತರಂತೆ. ಪಾಠಕ್ಕೆಂದು ಕೊಡಿಸಿದ ಮೊಬೈಲಿನೊಳಗೆ ಯಾರಿದ್ದಾರೆಂದು ನಾವ್ಯಾರೂ ನೋಡಲಿಲ್ಲ. ತಪ್ಪನ್ನು ಮಾತ್ರ ಶೌಚಾಲಯದ ಮೊಳೆಗೆ ನೇತುಹಾಕಿದೆವು. ನನಗೆ ಸಿಟ್ಟು ಬರುತ್ತದೆ. ಬೊಮ್ಮಕ್ಕನಿಗೆ ಬರುವುದಿಲ್ಲ. "ಖರೇನೇ ಹೇಳ್ದಳು," ಅನ್ನುತ್ತಾರೆ.

ಅಂದಿನಿಂದ ಅವರು ಶಾಲೆಯ ಚೀಲ ಇಟ್ಟುಕೊಳ್ಳುವುದಿಲ್ಲ. ಯಾರಾದರೂ ಕೊಡಲು ಬಂದರೆ ತಮ್ಮ ಸ್ಟೂಲು ಬಿಟ್ಟುಕೊಟ್ಟು ಕೂರಿಸುತ್ತಾರೆ. ಬೈಯುವುದಿಲ್ಲ.

"ನಾ ಕೇಳೂದು ಇಷ್ಟೇಯ. ನೀ ನೋಡೂಕೆ ಹೊಂಟವ್ರು ಹಿಂಗೆ ನನ್ನಂಗೆ ನಿನ್ ಎದ್ರಿಗೆ ಯಾವಾಗಾದ್ರೂ ಕೂತಿದ್ರೇ? ಇಲ್ಲಾ, ಫೋನ್ನಾಗೇಯ, ಅಂತವೆ. ಫೋನ್ನಾಗೆ ನಾನೂ ರಾಣಿ ಆಗೂಕೆ ಆಗ್ತದೆ ಮಗಾ, ಅಂತೆ ನಾನು. ಕೆಲವು ನಗ್ತವೆ. ಕೆಲವು ಅಳ್ತವೆ."

ಮಾತಿನ ನಡುವೆಯೇ ತಮ್ಮ ಹಳೆಯ ಗುಂಡಿ ಫೋನಿನಲ್ಲಿ ಎರಡರ ಅಂಕಿಯನ್ನು ಒತ್ತಿ ಹಿಡಿಯುತ್ತಾರೆ. ಓದು ಬಾರದ ಅವರಿಗೆ ಅದು ಪ್ರೌಢಶಾಲೆಯ ಶಿಕ್ಷಕಿ ರಂಜನಾ ನಾಯಕರ ನಂಬರು. ರಂಜನಾ ಸ್ಕೂಟರಿನಲ್ಲಿ ಬರುತ್ತಾರೆ, ಬೇಕಾದರೆ ಮಕ್ಕಳ ಸಹಾಯವಾಣಿ ೧೦೯೮ಕ್ಕೆ ತಿಳಿಸುತ್ತಾರೆ. "ಈವರೆಗೆ ಏಳು ಮಕ್ಕಳು ಇಲ್ಲಿಂದಲೇ ಮನೆಗೆ ವಾಪಸು ಹೋಗಿದ್ದಾರೆ. ಬೊಮ್ಮಕ್ಕ ಎಣಿಸಿಲ್ಲ, ನಾನು ಎಣಿಸಿದ್ದೇನೆ," ಎನ್ನುತ್ತಾರೆ.

ಆ ಏಳು ಹುಡುಗಿಯರಲ್ಲಿ ಒಬ್ಬಳೂ ಮತ್ತೆ ಬೊಮ್ಮಕ್ಕನನ್ನು ಮಾತಾಡಿಸಿಲ್ಲ. ಎದುರಾದರೆ ಮುಖ ತಿರುಗಿಸುತ್ತಾರೆ. ಊರಿಗೆ ಗೊತ್ತಾಗಬಾರದಲ್ಲ. ಬೊಮ್ಮಕ್ಕನೂ ಗುರುತಿಲ್ಲದವರಂತೆ ನೆಲ ಒರೆಸುತ್ತಾರೆ. ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ, ನನ್ನ ಮುಂದೆಯೂ ಒಂದು ಹೆಸರು ಹೇಳಲಿಲ್ಲ.

ಎಂಟೂ ಇಪ್ಪತ್ತಕ್ಕೆ ಹಳ್ಳಿಯ ಬಸ್ಸೊಂದು ಬಂದು ನಿಲ್ಲುತ್ತದೆ. ಕಾಲೇಜಿನ ಮಕ್ಕಳು ಇಳಿಯುತ್ತಾರೆ. ಬೊಮ್ಮಕ್ಕನ ಪೊರಕೆ ನಿಲ್ಲುತ್ತದೆ. ಕೊನೆಯಲ್ಲಿ ಇಳಿದ ಹುಡುಗಿ ಚೀಲವನ್ನು ಎದೆಗವಚಿಕೊಂಡು, ಈ ಕಡೆ ನೋಡದೆ ರಸ್ತೆ ದಾಟುತ್ತಾಳೆ. ಮೂರು ವರ್ಷದ ಹಿಂದೆ ಚೀಲ ಕೊಟ್ಟು ಹೋದವಳು ಅವಳೇ, ಈಗ ಪಿಯುಸಿ ಎರಡನೇ ವರ್ಷ. ಅವಳು ಈ ಶೌಚಾಲಯದ ಒಳಗೆ ಕಾಲಿಡುವುದಿಲ್ಲವಂತೆ.

"ದಿನಾ ಬರ್ತದೆ, ದಿನಾ ಹೋಗ್ತದೆ. ಕಾಣ್ತದಲಾ, ಸಾಕು," ಅನ್ನುತ್ತಾರೆ ಬೊಮ್ಮಕ್ಕ. ಖಾಲಿ ಮೊಳೆಯನ್ನು ಸೆರಗಿನಿಂದ ಒರೆಸುತ್ತಾರೆ. ಮತ್ತೆ ಮೆಲ್ಲಗೆ ಹೇಳುತ್ತಾರೆ:

"ಒಂದಿನ ಒಳಗ್ ಬಂದು, ಬೊಮ್ಮಕ್ಕಾ, ಚೀಲ ಹಿಡ್ಕ, ಅಂದ್ರೆ... ಅವ್ಳದ್ದೊಂದು ನಾ ಇಟ್ಕಳ್ತೆ ತಂಗಿ."