ಬೀಗ ಹಾಕಿದ ಸ್ಟುಡಿಯೋದಲ್ಲಿ ಇಳಿದ ಫೇಡರ್

ನಲವತ್ತೆರಡು ಸಾವಿರ. ಆ ಆಡಿಯೋ ಮಿಕ್ಸರಿಗೆ ಅಷ್ಟು ಕೊಟ್ಟೆ. ಹೊಸದಾಗಿದ್ದರೆ ಮೂರು ಲಕ್ಷ ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಮುಚ್ಚಿಹೋದ ಸ್ಟುಡಿಯೋ ಒಂದರ ಮಾಲು. ಹಿಂಬದಿಯಲ್ಲಿ ಕಂಪ್ಯೂಟರಿನ ವಯರು ಸಿಕ್ಕಿಸುವ ಹಳೇ ಕಾಲದ ಕಿಂಡಿ, ಸೀರಿಯಲ್ ಪೋರ್ಟ್, ಇದ್ದದ್ದರಿಂದ ಯಾರೂ ಮುಟ್ಟಿರಲಿಲ್ಲ. ನನಗೆ ಬೇಕಾಗಿದ್ದದ್ದೇ ಅದು. ಆ ಪೋರ್ಟಿಗೆ ಅಂಗೈಯಗಲದ ಡಬ್ಬಿಯೊಂದನ್ನು ಸಿಕ್ಕಿಸಿ ಇಂಟರ್ನೆಟ್ಟಿಗೆ ಸೇರಿಸಿದರೆ, ಹಳೇಬೀಡಿನಲ್ಲಿರುವ ಮಿಕ್ಸರನ್ನು ಅರಸೀಕೆರೆಯ ನನ್ನ ಅಂಗಡಿಯಿಂದಲೇ ಆಡಿಸಬಹುದು. ಇಲ್ಲಿ ಕಂಪ್ಯೂಟರಿನಲ್ಲಿ ಎಳೆದರೆ, ಅಲ್ಲಿ ದನಿ ಏರಿಳಿಸುವ ಫೇಡರ್ ಮೋಟರಿನ ಬಲದಿಂದ ಜಾರುತ್ತದೆ.

ದೆವ್ವ, ಪವಾಡ ನಾನು ನಂಬುತ್ತಿರಲಿಲ್ಲ. ಹತ್ತೊಂಬತ್ತಕ್ಕೇ ಸಾಲ್ಡರಿಂಗ್ ಕಡ್ಡಿ ಹಿಡಿದವನು. ವಯರು ಕಿತ್ತರೆ ಕೆಲಸ ನಿಲ್ಲುತ್ತದೆ, ಅಷ್ಟೇ ಗೊತ್ತಿದ್ದದ್ದು.

ಹಳೇಬೀಡಿನ ಸಮುದಾಯ ಬಾನುಲಿಯ ಅಧ್ಯಕ್ಷ ಗೌಡರಿಗೆ ಮಾಲು ಒಪ್ಪಿಸಲು ಒಂದು ಮಾತು ಹೇಳಿದ್ದೆ: "ಬೆಳಗಿನ ಪಾಳಿಗೆ ಇನ್ನು ಆಳೇ ಬೇಡ." ಆ ಆಳು ಮಂಜುಳಮ್ಮ. ಕೆರೆ ಏರಿ ಹತ್ತಿರದ ಮನೆಯಿಂದ ನಡೆದು ಬಂದು, ಆರು ವರ್ಷದಿಂದ ದಿನಾ ಬೆಳಗ್ಗೆ ಆರಕ್ಕೆ ಪ್ರಸಾರ ಶುರು ಮಾಡುತ್ತಿದ್ದವರು. ಆ ಸಂಬಳದಲ್ಲೇ ಅವರ ಮನೆ ನಡೆಯುತ್ತಿತ್ತು. ಆರಂಭದ ನಾಗಸ್ವರವನ್ನು ಅವರು ತಗ್ಗಿಸುವ ರೀತಿಯೇ ಬೇರೆ. ಅರ್ಧಕ್ಕೆ ತಂದು, ಕೂದಲೆಳೆಯಷ್ಟು ಮೇಲೆತ್ತಿ, ಆಮೇಲೆ ತಳಕ್ಕೆ. "ಒಂದೇ ಸಲ ಇಳ್ಸಮ್ಮ" ಅಂದಿದ್ದಕ್ಕೆ, "ಮಲಗಿರೋ ಮಗೂನ ಮಡಿಲಿಂದ ಚಾಪೆ ಮ್ಯಾಲೆ ಧೊಪ್ಪಂತ ಹಾಕ್ತೀರಾ ಸಾರ್?" ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಪರೀಕ್ಷೆಯ ದಿನ ಗೌಡರು ಅವರಿಗೆ ಮನೆಯಲ್ಲೇ ಇರಲು ಹೇಳಿದರು. ನಾನು ಗೆದ್ದರೆ ಮುಂದಿನ ತಿಂಗಳಿಂದ ಅವರಿಗೆ ಕೆಲಸವಿಲ್ಲ. ಸ್ಟುಡಿಯೋಗೆ ಬೀಗ, ಕೀ ಗೌಡರ ಜೇಬಿನಲ್ಲಿ. ಗೌಡರು ಗಾಜಿನ ಕಿಟಕಿಯ ಹೊರಗೆ, ಒಂದು ಕೈಲಿ ರೇಡಿಯೋ, ಇನ್ನೊಂದರಲ್ಲಿ ನನ್ನ ಜೊತೆ ಫೋನು. ನಾಗಸ್ವರ, ಅದರ ಹಿಂದೆಯೇ ಧ್ವನಿ ಮುದ್ರಿಸಿಟ್ಟ ಪ್ರಕಟಣೆ, ಎರಡೂ ಅಲ್ಲಿಯ ಕಂಪ್ಯೂಟರಿನಿಂದ ಹೊತ್ತಿಗೆ ಸರಿಯಾಗಿ ಹೊರಡುತ್ತವೆ. ಪ್ರಕಟಣೆ ಬರುವ ಮುಂಚೆ ನಾಗಸ್ವರ ತಗ್ಗಿಸುವುದಷ್ಟೇ ನನ್ನ ಪಾಲಿನ ಕೆಲಸ.

ಆರಕ್ಕೆ ನಾಗಸ್ವರ ಶುರುವಾಯಿತು. ಇತ್ತ ಅಂಗಡಿಯಲ್ಲಿ ನನ್ನ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಸಂಪರ್ಕವಿಲ್ಲ. ಎಳೆದೆ, ಒತ್ತಿದೆ, ಏನೂ ಆಗಲಿಲ್ಲ. "ಗೌಡ್ರೇ, ಒಂದ್ನಿಮಿಷ..." ಎನ್ನುವಷ್ಟರಲ್ಲಿ ಫೋನಿನಲ್ಲಿ ನಾಗಸ್ವರ ತಗ್ಗುವುದು ಕೇಳಿಸಿತು. ಅರ್ಧಕ್ಕೆ ಬಂತು, ಕೂದಲೆಳೆಯಷ್ಟು ಏರಿತು, ತಳ ಸೇರಿತು. ಪ್ರಕಟಣೆ ಸ್ಪಷ್ಟವಾಗಿ ಬಂತು.

"ಭೇಷ್ ಕಣಯ್ಯ! ಗುಂಡಿ ತಾನೇ ಜಾರಿದ್ದ ಕಣ್ಣಾರೆ ನೋಡ್ದೆ. ಆಯಮ್ಮಂಗೆ ಇವತ್ತೇ ಹೇಳ್ಬಿಡ್ತೀನಿ" ಎಂದರು ಗೌಡರು.

ಸುಮ್ಮನಿದ್ದಿದ್ದರೆ ವ್ಯಾಪಾರ ಕುದುರುತ್ತಿತ್ತು. ಯಾಕೋ ಸುಮ್ಮನಿರಲಾಗಲಿಲ್ಲ. "ಇಳಿಸಿದ್ದು ನಾನಲ್ಲ ಗೌಡ್ರೇ" ಅಂದೆ.

"ಮತ್ಯಾರ್ಲಾ, ನಿಮ್ಮಪ್ಪನಾ?"

ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿಗೆ ಹೋದೆ. ಡಬ್ಬಿಗೆ ಬಂದ ಒಂದೊಂದು ಆದೇಶವೂ ಗಂಟೆ ನಿಮಿಷದ ಸಮೇತ ದಾಖಲಾಗುತ್ತದೆ. ಆ ಹೊತ್ತಿನಲ್ಲಿ ಒಂದೂ ಇರಲಿಲ್ಲ. ಮಿಕ್ಸರಿಗೆ ಹಿಂದಿನ ಚಲನೆ ನೆನಪಿಟ್ಟುಕೊಳ್ಳುವ ಸೌಲಭ್ಯವಿಲ್ಲ; ಆದರೂ ಮುಚ್ಚಳ ಬಿಚ್ಚಿ ನೋಡಿದೆ. ಕೊನೆಗೆ ಮಂಜುಳಮ್ಮನ ಮನೆಗೆ ಹೋದೆವು.

"ರೇಡಿಯೋ ಮುಂದೆ ಕೂತಿದ್ದೆ. ನಾಗಸ್ವರ ಕೇಳ್ತಿದ್ದಂಗೆ ಕೈ ಸುಮ್ನಿರ್ಲಿಲ್ಲ, ಮೊಣಕಾಲ ಮ್ಯಾಲೆ ಬೆರಳು ಜಾರಿಸ್ದೆ" ಎಂದವರು, "ಅದೂ ತಪ್ಪಾ ಸಾರ್?" ಎಂದು ಕೇಳಿದರು.

ಗೌಡರು ತಲೆ ಕೆರೆದುಕೊಂಡರು. "ಬೀಗ ಹಾಕಿದ್ರೂ ಕೆಲ್ಸ ಮಾಡೋರ್ನ ಯಾವನಾದ್ರೂ ಬಿಡಿಸ್ತಾನಾ? ನಾಳೆಯಿಂದ ಬಾರವ್ವ."

ಕರೆಂಟಿನ ಏರುಪೇರು ಇರಬಹುದು ಎಂದು ಬಲ್ಲವರು ಹೇಳುತ್ತಾರೆ. ಏರುಪೇರಿಗೆ ಫೇಡರ್ ಒಮ್ಮೆ ಎಗರೀತು, ಒಪ್ಪುತ್ತೇನೆ. ಹೀಗೆ ಹದವಾಗಿ ಇಳಿಯುವುದೇ? ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ನೀವು ಇಂಥ ಸಲಕರಣೆ ಕೊಳ್ಳುವುದಾದರೆ, ದಾಖಲೆ ಇಡುವ ಡಬ್ಬಿಯನ್ನೇ ಕೊಳ್ಳಿ. ಇಂಟರ್ನೆಟ್ಟಿಗೆ ಎರಡನೆಯ ಸಂಪರ್ಕ ಇಟ್ಟುಕೊಳ್ಳಿ. ಆಳಿನ ಖರ್ಚು ಉಳಿಯುತ್ತದೆ ಎಂದು ಹೇಳಿಕೊಂಡು ನನ್ನಂಥವನು ಬಂದರೆ ಬಾಗಿಲಲ್ಲೇ ನಿಲ್ಲಿಸಿ, ಮೊದಲು ಆ ಕೆಲಸ ಮಾಡುವವರ ಪಕ್ಕ ಒಂದು ಬೆಳಗ್ಗೆ ಕೂತು ನೋಡಿ. ದರ ಆಮೇಲೆ ಕೇಳಿ.